ಕಿರಣ ಇರುವ ಸೂರ್ಯ

ನಮ್ಮತ್ತೆ ಸೂರ್ಯನಿಗೆ ನೀರು ಬಿಡದೆ ಕಾಫಿ ಕುಡಿಯುವುದಿಲ್ಲ. ಕಾಫಿ ಕುಡಿಯದೆ ತಿಂಡಿ ತಿನ್ನುವುದಿಲ್ಲ, ತಿಂಡಿ ತಿನ್ನದೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವುದಿಲ್ಲ. ಎಂಬತ್ತೊಂದು ವರ್ಷದ ಹೆಂಗಸಿನ ಇಡೀ ಬೆಳಗು ಆ ಒಂದು ಚೊಂಬು ನೀರಿಗೆ ಜೋತುಬಿದ್ದಿತ್ತು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ಒಂದು ದಿನ ತಪ್ಪಿಸಿದ್ದಿಲ್ಲ. ಸ್ನಾನ ಮಾಡಿ, ತಾಮ್ರದ ಚೊಂಬು ಹಿಡಿದು, ಟೆರೇಸಿನ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ, ತುಳಸಿ ಕುಂಡದ ಪಕ್ಕ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಎದುರಿಗೆ ಒಂದು ಖಾಲಿ ಸೈಟು, ಅದರಾಚೆ ಸಾರಕ್ಕಿ ಕೆರೆ, ಕೆರೆಯಾಚೆ ಮರಗಳು. ಆ ಮರಗಳ ಮೇಲೆ ಸೂರ್ಯ ಬರಬೇಕು, ಇವರು ನೀರು ಬಿಡಬೇಕು, ಆಮೇಲೆ ಮಿಕ್ಕಿದ್ದು.

ಮೋಡ ಇದ್ದರೆ? ಕಾಯುತ್ತಾರೆ. ಎಂಟಕ್ಕೋ ಎಂಟೂವರೆಗೋ ಮೋಡದ ಹಿಂದೆ ಒಂದು ಬಿಳಿ ಬಿಲ್ಲೆ ಕಂಡರೂ ಸಾಕು. ಆದರೆ ಹೋದ ಆಷಾಢದಲ್ಲಿ ಒಂದು ದಿನ ಅದೂ ಕಾಣಲಿಲ್ಲ. ಹತ್ತು ಗಂಟೆಯಾದರೂ ಕೆಳಗೆ ಇಳಿಯಲಿಲ್ಲವಲ್ಲ ಎಂದು ನಾನು ಮೇಲೆ ಹೋದರೆ, ತುಳಸಿ ಕುಂಡಕ್ಕೆ ಒರಗಿಕೊಂಡು ಕುಸಿದು ಕೂತಿದ್ದಾರೆ, ಮೈಯೆಲ್ಲ ಬೆವರು, ಮಾತು ತೊದಲುತ್ತಿದೆ. ಬಾಯಿಗೆ ಸಕ್ಕರೆ ಹಾಕಿ, ಗಂಡನನ್ನು ಕೂಗಿ ಕರೆದು, ಆಟೋದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ನನ್ನನ್ನೇ ಬೈದರು. ಬೆಳಿಗ್ಗೆ ಎಂಟರೊಳಗೆ ಹೊಟ್ಟೆಗೆ ಏನಾದರೂ ಬೀಳಲೇಬೇಕು, ಇನ್ನೊಂದು ಸಲ ಹೀಗಾದರೆ ನಾನು ಜವಾಬ್ದಾರನಲ್ಲ ಎಂದರು.

"ಸೂರ್ಯ ಕಾಣದೇ ಇದ್ರೆ ದಿಕ್ಕಿಗೆ ಕೈ ಮುಗಿದು ಬಂದ್ಬಿಡಿ ಅತ್ತೆ," ಎಂದೆ.

"ದಿಕ್ಕಿಗೆ ಕೈ ಮುಗಿಯೋಕೆ ಅದೇನು ಬಸ್ ಸ್ಟಾಪೇನೇ?" ಎಂದರು.

ಆ ವಾರವೇ ಎದುರಿನ ಖಾಲಿ ಸೈಟಿನಲ್ಲಿ ಪಾಯ ತೆಗೆದರು. ನಾಲ್ಕು ಫ್ಲೋರು ಎಂದು ಮೇಸ್ತ್ರಿ ಹೇಳಿದ. ನಾನು ಟೆರೇಸಿನಲ್ಲಿ ನಿಂತು ಕೈಯಲ್ಲೇ ಅಳತೆ ಹಾಕಿ ನೋಡಿದೆ. ನಾಲ್ಕನೆಯ ಫ್ಲೋರು ಎದ್ದ ಮೇಲೆ ನಮ್ಮ ಟೆರೇಸಿಗೆ ಸೂರ್ಯ ಬರುವುದು ಒಂಬತ್ತರ ಮೇಲೆಯೇ. ವರ್ಷಕ್ಕೆ ಒಂದು ದಿನವಲ್ಲ, ದಿನಾಲೂ ಆಷಾಢ. ಕೆರೆಯ ಹತ್ತಿರ ನಡೆಸಿಕೊಂಡು ಹೋಗೋಣವೆಂದರೆ ಅವರ ಮಂಡಿ ಒಂದು ಮಹಡಿ ಹತ್ತುವುದೇ ಹೆಚ್ಚು. ಗಂಡನಿಗೆ ಹೇಳಿದರೆ, "ನೋಡೋಣ ಇರು, ಇನ್ನೂ ಟೈಮ್ ಇದೆ" ಎಂದರು. ನಮ್ಮ ಮನೆಯವರಿಗೆ ಎಲ್ಲದಕ್ಕೂ ಟೈಮ್ ಇರುತ್ತದೆ. ನನ್ನದು ಹಾಗಲ್ಲ, ಒಂದು ವಿಷಯ ತಲೆಗೆ ಹೊಕ್ಕರೆ ಅದು ಮುಗಿಯುವವರೆಗೆ ನಿದ್ದೆ ಬರುವುದಿಲ್ಲ.

ಯೋಚಿಸಿ ಯೋಚಿಸಿ ಅತ್ತೆಯ ಮುಂದೆ ಒಂದು ಮಾತಿಟ್ಟೆ. "ನಮ್ಮ ಟೆರೇಸಿಂದ ಕಾಣೋ ಸೂರ್ಯನ್ನ ದೊಡ್ಡದಾಗಿ ಫೋಟೋ ತೆಗೆದು ದೇವರ ಮನೇಲಿ ಹಾಕ್ತೀನಿ. ಆಕಾಶದಲ್ಲಿ ಕಾಣದ ದಿನ ಅದಕ್ಕೇ ನೀರು ಬಿಟ್ಟು ಕಾಫಿ ಕುಡೀತೀರಾ?"

ಅವರು ಹೂ ಕಟ್ಟುತ್ತಿದ್ದರು, ಆ ದಾರ ಮುಗಿಯುವವರೆಗೆ ಕಟ್ಟಿದರು. "ಸೂರ್ಯನ ಥರಾ ಇದ್ರೆ ಕುಡೀತೀನಿ. ನಿನ್ನ ಫೋನಲ್ಲಿ ತೋರಿಸ್ತೀಯಲ್ಲ, ಟಾರ್ಚ್ ಬಿಟ್ಟಂಗೆ, ಅದು ಬೇಡ. ಕಿರಣ ಇರಬೇಕು. ನಮ್ಮ ತುಳಸಿ ಇರಬೇಕು. ಕೆರೆ ಇರಬೇಕು. ಬೇರೆ ಯಾವುದೋ ಊರಿನ ಸೂರ್ಯನ್ನ ತಂದು ನೇತು ಹಾಕಿದ್ರೆ ನನಗೆ ಗೊತ್ತಾಗತ್ತೆ."

"ಆಯ್ತು," ಎಂದೆ. ಆಯ್ತು ಎಂದವಳಿಗೆ ಅದು ಎಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ನನ್ನ ಹತ್ತಿರ ಕ್ಯಾಮೆರಾ ಇತ್ತು. ಮೂವತ್ತು ವರ್ಷ ಆಫೀಸಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂತು ರಿಟೈರ್ ಆದವಳು, ಇನ್ನು ಮೇಲೆ ಬಿಸಿಲನ್ನೇ ನೋಡುತ್ತೇನೆ ಎಂದು ಹಟ ಹಿಡಿದು ಕೊಂಡಿದ್ದೆ. ಅದರ ಜೊತೆಗೆ ಒಂದು ಅಲ್ಟ್ರಾ ವೈಡ್ ಲೆನ್ಸ್. ಅದರ ಮುಂದಿನ ಗಾಜು ಕಪ್ಪೆಯ ಕಣ್ಣಿನ ಹಾಗೆ ಉಬ್ಬಿಕೊಂಡಿರುತ್ತದೆ. ಕಾಲಬುಡದ ತುಳಸಿಯೂ ಅದರಲ್ಲಿ ಬರುತ್ತದೆ, ಕೆರೆಯಾಚೆಯ ಮರವೂ ಬರುತ್ತದೆ, ತಲೆಯ ಮೇಲಿನ ಆಕಾಶವೂ ಬರುತ್ತದೆ. ಅತ್ತೆ ಕೇಳಿದ್ದೆಲ್ಲ ಒಂದೇ ಚೌಕಟ್ಟಿನಲ್ಲಿ ಕೂರಬೇಕಾದರೆ ಅದೊಂದೇ ದಾರಿ. ಆದರೆ ಅಷ್ಟು ಅಗಲವಾಗಿ ಕಣ್ಣು ಬಿಟ್ಟುಕೊಂಡು ಸೂರ್ಯನಿಗೆ ಎದುರು ನಿಂತರೆ ಬೆಳಕು ಗಾಜಿನೊಳಗೆಲ್ಲ ಚೆಲ್ಲಾಡಿ, ಚಿತ್ರದ ಮೇಲೆ ಹಸಿರು ಬೊಟ್ಟು, ನೇರಳೆ ಉಂಗುರ, ಬಿಳಿ ಮಬ್ಬು ಬೀಳುತ್ತದೆ. ಫ್ಲೇರ್ ಅನ್ನುತ್ತಾರೆ ಅದನ್ನು.

ಅದನ್ನು ಪಳಗಿಸುವುದನ್ನು ಯಡಿಯೂರು ಕೆರೆಯ ಸುತ್ತ ಕಲಿತೆ. ಒಂದೂವರೆ ತಿಂಗಳು, ದಿನ ಬಿಟ್ಟು ದಿನ. ವಾಕಿಂಗಿಗೆ ಬಂದ ಅಂಕಲ್‌ಗಳೆಲ್ಲ ನಿಂತು, "ಏನ್ ಮೇಡಂ, ಪಕ್ಷಿನಾ?" ಎಂದು ಕೇಳುತ್ತಿದ್ದರು. "ಇಲ್ಲ ಸಾರ್, ಸೂರ್ಯ," ಎಂದರೆ ನನ್ನ ತಲೆಯ ಬಗ್ಗೆ ಅನುಮಾನಪಟ್ಟು ಮುಂದೆ ಹೋಗುತ್ತಿದ್ದರು. ಕಲಿತದ್ದು ಇಷ್ಟೇ. ಲೆನ್ಸಿನ ಒಳಗಿನ ಕಿಂಡಿಯನ್ನು ಚಿಕ್ಕದು ಮಾಡಿದರೆ ಸೂರ್ಯನ ಸುತ್ತ ನಕ್ಷತ್ರದ ಹಾಗೆ ಕಿರಣ ಮೂಡುತ್ತದೆ. ಸೂರ್ಯ ಪೂರ್ತಿ ತೆರೆದುಕೊಂಡಿದ್ದರೆ ಕಿರಣ ಕೊಬ್ಬುತ್ತದೆ, ಫ್ಲೇರೂ ಕೊಬ್ಬುತ್ತದೆ. ಒಂದು ಎಲೆಯ ಅಂಚಿಗೋ ಕೊಂಬೆಯ ಅಂಚಿಗೋ ಅರ್ಧ ಅವಿತುಕೊಂಡಾಗ ಕಿರಣ ಚೂಪಾಗುತ್ತದೆ, ಫ್ಲೇರು ಹೆಚ್ಚುಕಡಿಮೆ ಮಾಯವಾಗುತ್ತದೆ. ಗಾಜು ಮಾತ್ರ ಕನ್ನಡಿಯಷ್ಟು ಶುಭ್ರವಾಗಿರಬೇಕು, ಒಂದು ಬೆರಳಿನ ಗುರುತು ಇದ್ದರೂ ಕೆಟ್ಟಿತು.

ಹೀಗೆ ಎಲ್ಲ ಕಲಿತು ತಯಾರಾಗುವಷ್ಟರಲ್ಲಿ ಎದುರುಗಡೆ ಎರಡು ಫ್ಲೋರಿಗೆ ತಾರಸಿಯ ಮೋಲ್ಡ್ ಆಗಿತ್ತು, ಮೂರನೆಯದಕ್ಕೆ ಕಬ್ಬಿಣ ಕಟ್ಟುತ್ತಿದ್ದರು. ಆಗ ಆಯುಧಪೂಜೆ ಬಂತು.

ನಮ್ಮ ಮನೆಯಲ್ಲಿ ಆಯುಧಪೂಜೆ ಎಂದರೆ ಅತ್ತೆಯ ರಾಜ್ಯ. ಸ್ಕೂಟರು, ಮಿಕ್ಸಿ, ಹೊಲಿಗೆ ಮಿಷಿನ್ನು, ಈಳಿಗೆಮಣೆ, ಗಂಡನ ಲ್ಯಾಪ್‌ಟಾಪು ಎಲ್ಲವೂ ಸಾಲಾಗಿ ಕೂರುತ್ತವೆ, ಎಲ್ಲಕ್ಕೂ ಗಂಧ, ಕುಂಕುಮ, ಹೂವು. ನಾನು ಕ್ಯಾಮೆರಾವನ್ನೂ ಲೆನ್ಸಿಗೆ ಮುಚ್ಚಳ ಹಾಕಿಯೇ ಇಟ್ಟು, ಕೋಸಂಬರಿಗೆ ಒಗ್ಗರಣೆ ಹಾಕಲು ಒಳಗೆ ಹೋದೆ. ವಾಪಸ್ಸು ಬಂದು ನೋಡುತ್ತೇನೆ, ಮುಚ್ಚಳ ಪಕ್ಕದಲ್ಲಿ ಬಿದ್ದಿದೆ. ಉಬ್ಬಿದ ಗಾಜಿನ ನಟ್ಟನಡುವೆ ಗಂಧದ ಬೊಟ್ಟು, ಅದರ ಮೇಲೆ ಕುಂಕುಮ, ಅದರ ಮೇಲೆ ಎರಡು ಕಾಳು ಅಕ್ಷತೆ.

"ಅಯ್ಯೋ ಅತ್ತೆ! ಮುಚ್ಚಳ ಯಾಕೆ ತೆಗೆದ್ರಿ?"

"ಮುಚ್ಚಳಕ್ಕೆ ಇಟ್ರೆ ಕ್ಯಾಮೆರಾಗೆ ಇಟ್ಟಂಗಾಗತ್ತಾ? ಅದರ ಕಣ್ಣು ಇದೇ ಅಂತ ನೀನೇ ಹೇಳಿದ್ಯಲ್ಲೇ."

ಹೇಳಿದ್ದೆ, ನಿಜ. ಆದರೆ ಆಗ ಅದೆಲ್ಲ ಎಲ್ಲಿ ನೆನಪಿರುತ್ತದೆ? ಪಿತ್ತ ನೆತ್ತಿಗೇರಿತು. ಕೈಗೆ ಸಿಕ್ಕಿದ ಸೆರಗನ್ನೇ ನೀರಿಗೆ ಅದ್ದಿ ಗಸಗಸ ಒರೆಸಿದೆ. ಗಂಧ ಒಣಗಿ ಹಿಡಿದುಕೊಂಡಿತ್ತು, ಇನ್ನೂ ಗಟ್ಟಿಯಾಗಿ ಉಜ್ಜಿದೆ. ಬೆಳಕಿಗೆ ಹಿಡಿದು ನೋಡಿದರೆ ಗಾಜಿನ ಮೇಲೆ ಕಮಾನಿನ ಹಾಗೆ ನಾಲ್ಕೈದು ಗೀರು. ಮಾರನೆಯ ಬೆಳಿಗ್ಗೆ ಟೆರೇಸಿನಲ್ಲಿ ಒಂದು ಚಿತ್ರ ತೆಗೆದೆ. ಸೂರ್ಯನಿಂದ ಶುರುವಾಗಿ ತುಳಸಿಯವರೆಗೆ ಮಬ್ಬು ಪಟ್ಟೆಗಳು ಅಡ್ಡಡ್ಡ ಎಳೆದುಕೊಂಡಿದ್ದವು. ಹೇಗೆ ತಿರುಗಿಸಿದರೂ ಹೋಗಲಿಲ್ಲ.

ಅತ್ತೆ ಆಗತಾನೇ ಚೊಂಬು ಹಿಡಿದು ಮೇಲೆ ಬಂದರು. ಅವರ ಮುಖ ಕಂಡದ್ದೇ ತಡ, ನನ್ನ ನಾಲಿಗೆ ಹಿಡಿತ ತಪ್ಪಿತು. "ಎರಡು ತಿಂಗಳಿಂದ ಸಾಯ್ತಾ ಇದೀನಿ ನಾನು, ಯಾರಿಗೋಸ್ಕರ? ಒಂದು ಕುಂಕುಮ ಇಟ್ಟು ಎಲ್ಲಾ ಹಾಳು ಮಾಡಿಬಿಟ್ರಲ್ಲ! ನಿಮ್ಮ ಕೈ ತಾಗದೇ ಇರೋ ವಸ್ತು ಒಂದೂ ಇರಬಾರದಾ ಈ ಮನೇಲಿ?"

ಅವರು ವಾದ ಮಾಡಲಿಲ್ಲ. ವಾದ ಮಾಡಿದ್ದರೆ ಚೆನ್ನಾಗಿತ್ತು. ನೀರು ಬಿಟ್ಟು, ಕೆಳಗೆ ಹೋಗಿ ಕಾಫಿ ಕುಡಿದರು. ಅವತ್ತಿನಿಂದ ನಾನು ಟೆರೇಸಿನಲ್ಲಿ ಕ್ಯಾಮೆರಾ ಇಟ್ಟುಕೊಂಡಿದ್ದರೆ ಮೆಟ್ಟಿಲ ಬುಡದಲ್ಲೇ ನಿಂತುಬಿಡುತ್ತಿದ್ದರು. "ನೀನು ಮುಗಿಸ್ಕೊಂಡು ಬಾಮ್ಮ. ನನ್ನ ಕೈ ಅದರ ಹತ್ರ ಬರೋದು ಬೇಡ." ಬಾರೇ ಹೋಗೇ ಎನ್ನುತ್ತಿದ್ದವರು ಬಾಮ್ಮ ಎಂದರೆ ಏನರ್ಥ ಎಂದು ನನಗೆ ಗೊತ್ತು. ಆದರೂ ನನ್ನ ಕೋಪ ಇಳಿದಿರಲಿಲ್ಲ.

ಜಯನಗರದಲ್ಲಿ ಲೆನ್ಸ್ ರಿಪೇರಿ ಮಾಡುವ ಒಬ್ಬರಿದ್ದಾರೆ, ಅಂಗಡಿ ಎಂದರೆ ಒಂದು ಮೇಜು, ಒಂದು ದೀಪ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಾಜನ್ನು ಸುತ್ತಲೂ ತಿರುಗಿಸಿ ನೋಡಿದರು. ನಾನು ಕುಂಕುಮದ ಕತೆಯನ್ನು ಉಪ್ಪುಖಾರ ಹಚ್ಚಿ ಹೇಳಿದೆ.

"ಕುಂಕುಮದಿಂದ ಏನೂ ಆಗಿಲ್ಲ ಮೇಡಂ," ಎಂದರು. "ಒಣಗಿದ್ಮೇಲೆ ಊದಿ, ಮೆತ್ತಗೆ ಎರಡು ಹನಿ ನೀರು ಬಿಟ್ಟಿದ್ರೆ ಹೊರಟೋಗ್ತಿತ್ತು. ಪ್ರತಿ ವರ್ಷ ಆಯುಧಪೂಜೆ ಆದ್ಮೇಲೆ ನನಗೆ ಇಂಥವು ಹತ್ತು ಬರತ್ತೆ. ಇದನ್ನ ಯಾರೋ ಚೆನ್ನಾಗಿ ಉಜ್ಜಿದಾರೆ. ಸಾಣೆಕಲ್ಲಿನ ಪುಡಿ ಗಂಧದಲ್ಲೇ ಇರತ್ತಲ್ಲ, ಅದು ಗೀಚಿದೆ. ಯಾರು ಉಜ್ಜಿದ್ದು?"

"ನಾನೇ ಸಾರ್," ಎಂದೆ.

ಹೊಸ ಗಾಜು ತರಿಸಲು ಮೂರು ತಿಂಗಳಾಗುತ್ತದಂತೆ. ಬಸ್ಸಿನಲ್ಲಿ ಕೂತು ಬರುವಾಗ ನಾಚಿಕೆಯಿಂದ ಮುಖ ಬಿಸಿಯಾಗಿತ್ತು. ಹಿಡಿದು ಉಜ್ಜಿದ ಕೈ ನನ್ನದು, ಬೈಸಿಕೊಂಡ ಕೈ ಅವರದು.

ಮನೆಗೆ ಹೋಗುವ ಮುಂಚೆ ಎದುರಿನ ಕಟ್ಟಡದ ಹತ್ತಿರ ನಿಂತು ಮೇಸ್ತ್ರಿಯನ್ನು ಕರೆದೆ. ವಿಜಾಪುರದ ಕಡೆಯವನು, ಒಳ್ಳೆಯ ಮನುಷ್ಯ. ಇನ್ನು ಮೇಲಿನ ಗೋಡೆ ಯಾವಾಗ ಏಳುತ್ತದೆ ಎಂದು ಕೇಳಿದೆ. "ಬರೋ ಗುರುವಾರದಿಂದ ಸುತ್ತಲೂ ತಗಡಿನ ಹಾಳಿ ಬಡೀತೀವ್ರೀ ಅಕ್ಕಾರ. ಬಡದ ಮ್ಯಾಲ ನಿಮ್ಗ ಈ ಕಡೆ ಏನೂ ಕಾಣಂಗಿಲ್ಲ," ಎಂದ. ಯಾಕೆ ಎಂದು ಕೇಳಿದ, ಹೇಳಿದೆ. ಅವನು ಮೇಲೆ ನಮ್ಮ ಟೆರೇಸಿನ ಕಡೆ ನೋಡಿದ. "ದಿನಾ ನೋಡತೀವ್ರಿ ಆ ಅಜ್ಜಿಯಾರನ್ನ. ಕೆಲಸ ನಿಲ್ಲಸಾಕ ಆಗಂಗಿಲ್ರಿ, ಮಾಲಕರು ಬಿಡಂಗಿಲ್ಲ. ಮೂಡಣ ದಿಕ್ಕಿನ ಮೂಲಿ ಒಂದನ್ನ ಎಲ್ಲಾದ್ರಕಿಂತ ಕಡೀಗೆ ಬಡಸ್ತೀನಿ. ಶನಿವಾರದ ತನಕ ಸಿಗತೈತಿ ನಿಮ್ಗ, ಅದರ ಮ್ಯಾಲ ಸಿಗಂಗಿಲ್ಲ."

ಶನಿವಾರದವರೆಗೆ. ಗೀರು ಬಿದ್ದ ಗಾಜಿನಲ್ಲೇ ತೆಗೆಯಬೇಕು, ಬೇರೆ ದಾರಿಯಿಲ್ಲ. ತೆಗೆದೇ ತೆಗೆಯುತ್ತೇನೆ ಎಂದುಕೊಂಡೆ.

ಮಳೆ ಹಿಡಿಯಿತು. ಸೋಮವಾರ ಮೋಡ, ಮಂಗಳವಾರ ಮೋಡ, ಬುಧವಾರ ಜಿಟಿಜಿಟಿ. ಅತ್ತೆ ಬಿಳಿ ಬಿಲ್ಲೆ ಕಾಣುವವರೆಗೆ, ಎಂಟೂವರೆಯ ತನಕ, ಛತ್ರಿ ಹಿಡಿದು ನಿಂತರು. ನಾನು ಕೆಳಗೆ ಸಕ್ಕರೆ ಡಬ್ಬ ಕೈಯಲ್ಲಿ ಹಿಡಿದುಕೊಂಡು ನಿಂತೆ. ಗುರುವಾರ ಬಿಸಿಲು ಬಂತು. ತುಳಸಿಯ ಕೊಂಬೆಗೆ ಸೂರ್ಯನನ್ನು ಮರೆಮಾಡಿ ನೋಡಿದೆ, ಕೊಂಬೆ ಸಣ್ಣದು, ಗಾಳಿಗೆ ಅಲ್ಲಾಡಿತು, ಪಟ್ಟೆ ಮತ್ತೆ ಬಂತು. ಕುಂಡದ ಅಂಚಿಗೆ ಮರೆಮಾಡಿದೆ, ಕೆರೆ ಮುಚ್ಚಿಹೋಯಿತು. ನನ್ನ ಬೆರಳನ್ನೇ ಅಡ್ಡ ಇಟ್ಟೆ, ಪಟ್ಟೆ ಹೋಯಿತು. ಆದರೆ ಚಿತ್ರದಲ್ಲಿ ಆಕಾಶದಿಂದ ಇಳಿದ ಒಂದು ಬೆರಳು! ಅತ್ತೆ ಅದಕ್ಕೆ ನೀರು ಬಿಟ್ಟ ಹಾಗೆಯೇ. ಶುಕ್ರವಾರವೂ ಅದೇ ಪರದಾಟ. ಎದುರುಗಡೆ ಮೂರು ಮೂಲೆಗೆ ಹಾಳೆ ಬಡಿದಿದ್ದರು. ನಾಲ್ಕನೆಯ ಮೂಲೆಯ ಕಿಂಡಿಯಲ್ಲಿ ನನ್ನ ಕೆರೆ, ನನ್ನ ಮರ.

ಶುಕ್ರವಾರ ಮಧ್ಯಾಹ್ನ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಹೋಗಿ ಎದುರಿಗೆ ಕೂತೆ. ನಾನೂ ನಾಲ್ಕು ಕಾಯಿ ಸುಲಿದೆ.

"ಅತ್ತೆ, ಆ ಗಾಜು ಹಾಳಾಗಿದ್ದು ಕುಂಕುಮದಿಂದ ಅಲ್ಲ. ನಾನು ಸೆರಗಲ್ಲಿ ಉಜ್ಜಿದ್ದರಿಂದ. ರಿಪೇರಿಯವರು ಹೇಳಿದ್ರು. ತಪ್ಪು ನಂದು."

ಅವರು ಕಾಯಿ ಸುಲಿಯುತ್ತಲೇ ಇದ್ದರು. "ಯಾವತ್ತು ಹೇಳಿದ್ರು?"

"ಒಂದು ವಾರ ಆಯ್ತು."

"ಒಂದು ವಾರ ಬೇಕಾಯ್ತಾ ನಿನಗೆ?" ಎಂದರು. ಕಣ್ಣು ತುಂಬಿಕೊಂಡಿತ್ತು, ನನಗೂ. ನನಗೆ ಅಳುವುದು ಬರುವುದಿಲ್ಲ, ಅತ್ತರೆ ಮೂಗು ಸೋರುತ್ತದೆ. "ಸೆರಗಲ್ಲಿ ಯಾರಾದ್ರೂ ಕಣ್ಣು ಉಜ್ತಾರೇನೇ, ಕತ್ತೆ," ಎಂದು ಅವರೇ ನಗುತ್ತಾ ತಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಕತ್ತೆ ಎಂದರಲ್ಲ, ನನಗೆ ಸಮಾಧಾನವಾಯಿತು.

"ನಾಳೆ ಕೊನೇ ದಿನ. ನೀವು ಮೇಲೆ ಬನ್ನಿ. ಕ್ಯಾಮೆರಾ ಇದ್ರೂ ಬನ್ನಿ."

ಶನಿವಾರ ಆರೂ ಕಾಲಿಗೆ ನಾನು ಟೆರೇಸಿನ ನೆಲದ ಮೇಲೆ ಬೋರಲು ಮಲಗಿದ್ದೆ. ಕ್ಯಾಮೆರಾ ತುಳಸಿ ಕುಂಡದ ಪಕ್ಕ, ನೆಲದಿಂದ ಒಂದು ಗೇಣು ಮೇಲೆ. ಕೆರೆಯ ಮೇಲೆ ತೆಳುವಾಗಿ ಮಂಜಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು. ಎದುರಿನ ಕಟ್ಟಡದಲ್ಲಿ ಮೇಸ್ತ್ರಿ ಹಾಳೆಯನ್ನು ಗೋಡೆಗೆ ಒರಗಿಸಿಕೊಂಡು ಬೀಡಿ ಹಚ್ಚಿಕೊಂಡು ನಿಂತಿದ್ದ. ಸೂರ್ಯ ಮರದ ಮೇಲೆ ಬಂದ. ತೆಗೆದೆ, ಪಟ್ಟೆ. ಕ್ಯಾಮೆರಾವನ್ನು ಒಂದು ಅಂಗುಲ ಸರಿಸಿದೆ, ಪಟ್ಟೆ. ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ಅತ್ತೆಯ ಹೆಜ್ಜೆ, ಒಂದು, ನಿಂತು, ಇನ್ನೊಂದು.

"ಎಲ್ಲಿ ನಿಲ್ಲಲೇ?"

"ದಿನಾ ನಿಲ್ಲೋ ಕಡೆ."

ದಿನಾ ನಿಲ್ಲುವ ಕಡೆ ಎಂದರೆ ಲೆನ್ಸಿಗೆ ಒಂದೇ ಮಾರು. ಅವರು ಬೆನ್ನು ತೋರಿಸಿ ನಿಂತರು, ಸೂರ್ಯನ ಪಕ್ಕಕ್ಕೆ. ಬಾಯಲ್ಲಿ ಏನೋ ಹೇಳಿಕೊಂಡು ಎರಡೂ ಕೈಯಲ್ಲಿ ಚೊಂಬನ್ನು ಎತ್ತಿದರು. ಚೊಂಬು ಮೇಲೆ ಹೋಯಿತು, ಸೂರ್ಯನ ಹತ್ತಿರ ಹೋಯಿತು, ಸೂರ್ಯನಿಗೆ ಅಡ್ಡ ಬಂತು. ಸ್ಕ್ರೀನಿನಲ್ಲಿ ಪಟ್ಟೆಗಳು ಒಮ್ಮೆಲೇ ಆರಿಹೋದವು.

"ಅತ್ತೆ, ಕೈ ಅಲ್ಲಾಡಿಸ್ಬೇಡಿ! ಒಂಚೂರು ಎಡಕ್ಕೆ. ಒಂಚೂರು ಕೆಳಗೆ. ಹಾಂ, ಅಲ್ಲೇ!"

"ನೋಯತ್ತೆ ಕಣೇ!"

"ನೋಯ್ಲಿ! ನೀರು ಬಿಡಿ ಈಗ!"

ಅವರು ಚೊಂಬು ಬಗ್ಗಿಸಿದರು. ಚೊಂಬಿನ ಕಂಠದ ಅಂಚಿನಲ್ಲಿ, ಅವರ ಹೆಬ್ಬೆರಳಿನ ಪಕ್ಕದಲ್ಲಿ ಸೂರ್ಯ ಇಣುಕಿದ. ಸೂಜಿಯಷ್ಟು ಚೂಪಾದ ಕಿರಣಗಳು ಸುತ್ತಲೂ ಚಾಚಿಕೊಂಡವು. ನೀರು ಬೆಳಕಿನಲ್ಲೇ ಇಳಿಯಿತು, ತುಳಸಿಯ ಎಲೆ, ಅದರಾಚೆ ಕೆರೆ. ಏಳೋ ಎಂಟೋ ಸಲ ಒತ್ತಿದೆ. ಚೊಂಬು ಖಾಲಿಯಾಯಿತು, ಕೈ ಕೆಳಗಿಳಿಯಿತು. ನಾನು ನೆಲದ ಮೇಲೆ ಕೂತು ಒಂದೊಂದನ್ನೇ ನೋಡಿದೆ. ಆರನೆಯದರಲ್ಲಿ ಎಲ್ಲವೂ ಇತ್ತು.

ಎದ್ದು ನಿಂತು ಎದುರಿಗೆ ಕೈ ಎತ್ತಿ ಸನ್ನೆ ಮಾಡಿದೆ. ಮೇಸ್ತ್ರಿ ಬೀಡಿ ಎಸೆದು ಹಾಳೆ ಎತ್ತಿದ. ಏಳು ಗಂಟೆಗೆ ಸುತ್ತಿಗೆಯ ಸದ್ದು ಶುರುವಾಯಿತು.

ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ದೇವರ ಮನೆಯ ಪೂರ್ವದ ಗೋಡೆಗೆ ನೇತು ಹಾಕಿದೆ. ಅತ್ತೆ ನೋಡಲು ಬರಲಿಲ್ಲ. ಬೇಕಾದ ದಿನ ನೋಡುತ್ತೇನೆ ಎಂದರು.

ಹಾಳೆ ಬಡಿದ ಮೇಲೂ ಕೆಲವು ದಿನ ಅದರ ಮೇಲಿಂದ ಸೂರ್ಯ ಎಂಟರೊಳಗೆ ಇಣುಕುತ್ತಿದ್ದ. ಆದರೂ ಆ ದಿನ ಬೇಗನೆ ಬಂತು. ನಾಲ್ಕನೆಯ ಮೋಲ್ಡ್ ಆದ ಮೇಲೆ ಒಂದು ಬೆಳಿಗ್ಗೆ ಅವರು ಚೊಂಬು ಹಿಡಿದು ಟೆರೇಸಿಗೆ ಹೋಗಿ, ಸ್ವಲ್ಪ ಹೊತ್ತು ಆ ಬೂದು ಗೋಡೆಯನ್ನು ನೋಡಿ, ಹಾಗೆಯೇ ತುಂಬಿದ ಚೊಂಬಿನೊಂದಿಗೆ ಇಳಿದು ಬಂದರು. ನಾನು ದೇವರ ಮನೆಯ ಬಾಗಿಲಲ್ಲಿ ನಿಂತಿದ್ದೆ. ನೀರು ಬೀಳಲಿ ಎಂದು ಗೋಡೆಯ ಕೆಳಗೆ ಒಂದು ಹಿತ್ತಾಳೆ ತಟ್ಟೆ ಇಟ್ಟಿದ್ದೆ. ಗಂಟೆ ಏಳೂಕಾಲು. ಒಲೆಯ ಮೇಲೆ ಹಾಲು ಕಾದಿತ್ತು, ಡಿಕಾಕ್ಷನ್ ಇಳಿದಿತ್ತು, ಮಾತ್ರೆ ಬಟ್ಟಲಲ್ಲಿತ್ತು.

ಅವರು ಕನ್ನಡಕ ಸರಿಮಾಡಿಕೊಂಡು ಚಿತ್ರದ ಹತ್ತಿರ ಹೋದರು. ತುಂಬ ಹೊತ್ತು ನೋಡಿದರು.

"ನನ್ನ ಮುಖಾನೇ ಇಲ್ವಲ್ಲೇ."

"ಸೂರ್ಯನ್ನ ತಾನೇ ನೀವು ಕೇಳಿದ್ದು?"

"ಹೂಂ. ಕಿರಣ ಇದೆ," ಎಂದರು. ತುಳಸಿಯ ಮೇಲೆ ಬೆರಳಾಡಿಸಿದರು, ಕೆರೆಯ ಮೇಲೆ ಆಡಿಸಿದರು. ಆಮೇಲೆ ಚೊಂಬನ್ನು ಬಗ್ಗಿಸದೆ, ಒಂದು ಹನಿಯೂ ಬಿಡದೆ, ತಟ್ಟೆಯ ಪಕ್ಕದಲ್ಲಿ ಕೆಳಗಿಟ್ಟುಬಿಟ್ಟರು.

ಇಷ್ಟು ಮಾಡಿಯೂ ಆಗಲಿಲ್ಲವಲ್ಲ ಎಂದುಕೊಂಡೆ. "ಯಾಕೆ ಅತ್ತೆ? ನೀರು ಬಿಡಲ್ವಾ?"

ಅವರು ಚಿತ್ರದೊಳಗಿನ ತಮ್ಮ ಕೈಗಳನ್ನು ತೋರಿಸಿದರು.

"ಇಲ್ಲಿ ಬಿಡ್ತಾನೇ ಇದೀನಲ್ಲೇ. ಇನ್ನೆಷ್ಟು ಸಲ ಬಿಡಬೇಕು? ಹೋಗು, ಕಾಫಿ ತಾ."